ಸಮಾಧಿಯ ಸುತ್ತಲಿನ ತಗ್ಗುಗಳು

ನಾಯಿಯನ್ನು ಕಟ್ಟಿದ್ದು ಬೇವಿನ ಮರಕ್ಕೋ, ಟ್ರೇಲರಿನ ಕೊಂಡಿಗೋ ಎಂಬುದು ನನಗೆ ಖಾತ್ರಿಯಿರಲಿಲ್ಲ. ಕಣ್ಣು ಮುಚ್ಚಿದರೆ ಎರಡೂ ಕಾಣುತ್ತಿದ್ದವು. ಒಂದು ಚಿತ್ರದಲ್ಲಿ ನಾಯಿ ಬೇವಿನ ಬುಡದಲ್ಲಿ ಮುಂಗಾಲು ಚಾಚಿ ಮಲಗಿದೆ, ಹಗ್ಗ ಅದರ ಬೆನ್ನ ಹಿಂದೆ ಸುರುಳಿಯಾಗಿ ಬಿದ್ದಿದೆ. ಇನ್ನೊಂದರಲ್ಲಿ ಅದೇ ನಾಯಿ ಟ್ರೇಲರಿನ ಅಡಿ, ಗಾಲಿಗೆ ಮೈ ಆನಿಸಿ ಕೂತಿದೆ. ಎರಡೂ ಒಂದೇ ಸಂಜೆಯವು. ಬೇವಿನ ಮರ ಸಮಾಧಿಯಿಂದ ದೂರ, ಟ್ರೇಲರು ಹತ್ತಿರ. ಹಾಗಾಗಿ ಈ ಸಣ್ಣ ಗೊಂದಲದ ಮೇಲೆ ಒಂದು ನಾಯಿಯ ಸಾವು ನ್ಯಾಯವೋ ಅನ್ಯಾಯವೋ ಎಂಬುದೂ, ಒಬ್ಬ ಕುರಿಗಾರನ ಹೆಸರು ಉಳಿಯುತ್ತದೋ ಇಲ್ಲವೋ ಎಂಬುದೂ ನಿಂತಿತ್ತು. ಕೆಳಗೆ ಬರೆದದ್ದರಲ್ಲಿ ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ನಾನು ಕೂಡಿಸಿಕೊಂಡದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ಚಿಕ್ಕೋಡಿಯಿಂದ ಅಥಣಿಯವರೆಗೆ ಕಬ್ಬು, ಗೋವಿನಜೋಳ, ದ್ರಾಕ್ಷಿ ಎಲ್ಲಿ ಹಾಳಾದರೂ, ಹಾಳು ಮಾಡಿದ್ದು ಹೆಗ್ಗಣವೋ ಹಂದಿಯೋ ಬಾವಲಿಯೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಬೈಕಿನ ಪೆಟ್ಟಿಗೆಯಲ್ಲಿ ಒಂದು ಜರಡಿ, ಗೌಂಡಿಗಳು ಬಳಸುವ ಕರಣಿ, ಟೇಪು, ಕೈಗವಸು ಇರುತ್ತವೆ. ಜನರ ಮಾತಿಗಿಂತ ಮಣ್ಣನ್ನು ನಂಬುವುದು ವಿಶ್ವವಿದ್ಯಾಲಯದಲ್ಲಿ ಕಲಿತದ್ದು. ಅದನ್ನು ಬಿಡಲು ಇನ್ನೂ ಕಾರಣ ಸಿಕ್ಕಿಲ್ಲ.

ಕರೆದವರು ಅಕ್ಕೋಳದ ಆಚೆಯ ಒಂದು ತೋಟದ ಮನೆಯ ಹಿರಿಯ ಮಗ. ಮನೆಯ ಮುಂದೆ ದ್ರಾಕ್ಷಿ, ಹಿಂದೆ ಕಬ್ಬು. ಸುತ್ತಲಿನವರು ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು. "ಸರ, ಹಿತ್ತಲದಾಗ ತಗ್ಗ ತಗದಾವ. ಯಾವ ಪ್ರಾಣಿ ಅಂತ ನೋಡಿ ಹೇಳಬೇಕ ನೋಡ್ರಿ," ಎಂದಿದ್ದರು ಫೋನಿನಲ್ಲಿ. ಹೆಗ್ಗಣ ಇರಬೇಕು ಎಂದುಕೊಂಡು ಹೋದೆ. ಹಿತ್ತಲಿಗೆ ಕಾಲಿಟ್ಟಾಗ ಗೊತ್ತಾಯಿತು, ತಗ್ಗು ಬಿದ್ದದ್ದು ಅವರ ತಂದೆಯ ಸಮಾಧಿಯ ಸುತ್ತ.

ಅವರಲ್ಲಿ ಹೂಳುವ ಪದ್ಧತಿ. ಮುದುಕರು ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡಿದ್ದರು. ತಮ್ಮ ಮಣ್ಣಲ್ಲೇ ಇರಲಿ ಎಂದು ಹಿತ್ತಲಲ್ಲೇ ಕೂರಿಸಿ, ವಿಭೂತಿ, ಪತ್ರಿ, ಉಪ್ಪು ಹಾಕಿ ಸಮಾಧಿ ಮಾಡಿದ್ದರು. ಕಲ್ಲಿನ ಕಟ್ಟೆ ಕಟ್ಟಿಸುವುದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಅದು ಸೆಗಣಿ ಸಾರಿಸಿದ ಒಂದು ಮಣ್ಣಿನ ದಿಬ್ಬ. ಒಂದು ಕಡೆ ಬೇವಿನ ಮರ, ಇನ್ನೊಂದು ಕಡೆ ಕಬ್ಬಿನ ಟ್ರೇಲರು, ಆಚೆ ದನದ ಕೊಟ್ಟಿಗೆ. ದಿಬ್ಬದ ಅಂಚಿನಲ್ಲಿ ಹೊಸ ತಗ್ಗುಗಳು. ಮನೆಗೆ ಸಿಸಿ ಕ್ಯಾಮೆರಾ ಇತ್ತು, ಆದರೆ ಅದು ದ್ರಾಕ್ಷಿ ತೋಟದ ಗೇಟನ್ನು ಕಾಯುತ್ತಿತ್ತು.

ಬಿಸಿಲಲ್ಲಿ ಒಬ್ಬ ಕುರಿಗಾರ ನಿಂತಿದ್ದ. ತಲೆಯ ಪಟಗ ಕೈಯಲ್ಲಿ, ಚಪ್ಪಲಿ ಹೊರಗೆ. ಕಬ್ಬೂರ ಕಡೆಯವನು. ಸಾವ್ಕಾರರ ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಲು ಅವರೇ ಕರೆಸಿದ್ದರು. ಅವನನ್ನು ಹಾಗೆ ನಿಲ್ಲಿಸಿದ್ದವನು ಸಾವ್ಕಾರರ ತಮ್ಮ.

"ಇವನ ನಾಯಿನ ರೀ ಸರ. ದಿನಾ ಬಂದು ನಮ್ಮಪ್ಪನ್ನ ಎಬ್ಬಸಾಕತ್ತೈತಿ," ಎಂದ ತಮ್ಮ.

"ಇಲ್ರಿ ಧಣ್ಯಾರ. ನಮ್ಮ ಚಂಪಿ ಕುರಿ ಬಿಟ್ಟು ಕದಲೂದಿಲ್ರಿ. ದೇವರಾಣಿ."

"ನಿಮ್ಮ ದೇವರ ಹೆಂತಾಂವೋ, ನಾಯಿ ಹೆಂತಾದೋ ಯಾರಿಗ್ಗೊತ್ತಲೇ? ಸುಮ್ನ ನಿಂದ್ರು."

ಹಿರಿಯರು, ಅಂದರೆ ಸಾವ್ಕಾರರು, ನನಗೆ ಕುರ್ಚಿ ಹಾಕಿಸಿದರು. ಅವರ ಮಾತು ಲೆಕ್ಕದ ಮಾತು. "ನೋಡ್ರಿ ಸರ. ನೀವು ನಾಯಿ ಅಂದ್ರ, ನಾಯಿ ಹೊಡೀತೀವಿ, ಇವನ ಕುರಿ ಇವತ್ತ ಎಬ್ಬಸ್ತೀವಿ. ಬ್ಯಾರೆ ಅಂದ್ರ ಇವನಿಗೆ ಯಾರೂ ಏನೂ ಅನ್ನೂದಿಲ್ಲ. ಅಷ್ಟ."

ಕುರಿಗಾರನಿಗೆ ಅಷ್ಟೇ ಆಗಿರಲಿಲ್ಲ. ಆ ಭಾಗದಲ್ಲಿ ತೋಳದ ಕಾಟ ಇತ್ತು. ಆ ನಾಯಿಯೇ ಅವನ ಕಾವಲು. ಅದಕ್ಕಿಂತ ದೊಡ್ಡದು, ಹೆಣ ಅಗೆಯುವ ನಾಯಿ ಸಾಕಿದವನು ಎಂದು ಒಮ್ಮೆ ಹೆಸರು ಬಿದ್ದರೆ ನಿಪ್ಪಾಣಿಯಿಂದ ರಾಯಬಾಗದವರೆಗೆ ಒಬ್ಬ ರೈತನೂ ಅವನ ಕುರಿಯನ್ನು ಹೊಲಕ್ಕೆ ಕರೆಯುವುದಿಲ್ಲ. ಅವನೇ ನನಗೆ ಇದನ್ನು ಹೇಳಿದ, ಬೈಕಿನ ತನಕ ಹಿಂದೆ ಬಂದು, ತಗ್ಗಿದ ದನಿಯಲ್ಲಿ.

ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದರು, ಸತ್ತವರ ಹೆಂಡತಿ. ತಗ್ಗುಗಳನ್ನು ನೋಡಿ, ಮಕ್ಕಳನ್ನು ನೋಡಿ, ನನಗೆ ಹೇಳಿದರು: "ವರ್ಸಗಟ್ಟಲೆ ಹಾಸಗ್ಯಾಗಿದ್ದ. ಇಬ್ಬರೂ ಮಕ್ಕಳು ಬಾಗಲಾಗ ನಿಂತು ಮಾತಾಡ್ಸಿ ಹೋಗತಿದ್ರು, ನಾತ ಬರತೈತಿ ಅಂತ. ಈಗ ನೋಡ್ರಿ, ಕಾಡಪ್ರಾಣಿ ಸೈತ ಹುಡುಕ್ಕೊಂಡ ಭೇಟಿಗೆ ಬರಾಕತ್ತಾವ. ಪುಣ್ಯಾ ಮಾಡ್ಯಾನ ಬಿಡ್ರಿ."

ನಾನು ಕೆಲಸ ಶುರು ಮಾಡಿದೆ.

ತಗ್ಗು ನೋಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಬಾಯಿಯ ಆಕಾರ, ಆಮೇಲೆ ತೆಗೆದ ಮಣ್ಣು ಬಿದ್ದ ದಿಕ್ಕು, ಆಮೇಲೆ ಒಳಗೋಡೆ. ಕೊಟ್ಟಿಗೆಯ ಬದಿಗಿದ್ದವು ಹೆಗ್ಗಣದ ಬಿಲಗಳು. ಬಾಯಲ್ಲಿ ಸಣ್ಣ ಹೆಂಟೆಗಳ ಗುಡ್ಡೆ, ಒಳಗಿನಿಂದ ಮಣ್ಣು ತುಂಬಿ ಮುಚ್ಚಿದ್ದವು. ಅವುಗಳ ಬಗ್ಗೆ ಸಂಶಯವಿರಲಿಲ್ಲ, ಅವುಗಳಿಂದ ಜಗಳವೂ ಇರಲಿಲ್ಲ. ಸಮಾಧಿಯ ಅಂಚಿನವು ಬೇರೆ. ತೆರೆದ ಬಾಯಿ, ಒಳಗೆ ಹೋದಂತೆ ಕಿರಿದು. ಕಾಡುಹಂದಿಯಾಗಿದ್ದರೆ ಮೂತಿಯಿಂದ ನೇಗಿಲು ಹೊಡೆದ ಹಾಗೆ ಉದ್ದಕ್ಕೆ ಕಿತ್ತಿರುತ್ತಿತ್ತು. ಮುಂಗುಸಿಯಾಗಿದ್ದರೆ ಅಲ್ಲಲ್ಲಿ ಬೆರಳುದ್ದ ಕೆರೆದು ಬಿಟ್ಟಿರುತ್ತಿತ್ತು. ಉಡದ ಬಿಲದ ಬಾಯಿ ಮಲಗಿದ ಅರ್ಧಚಂದ್ರದಂತೆ ಇರುತ್ತದೆ. ಇವು ಮೂರನ್ನೂ ಬಿಟ್ಟೆ. ಉಳಿದದ್ದು ನಾಯಿ ಅಥವಾ ನರಿ ಒಂದು ಕಡೆ, ಮುಳ್ಳುಹಂದಿ ಇನ್ನೊಂದು ಕಡೆ. ನಾಯಿ ಅಗೆದರೆ ಮಣ್ಣು ಹಿಂಗಾಲುಗಳ ನಡುವೆ ಹಾರಿ ಬೀಸಣಿಗೆಯ ಹಾಗೆ ಹರಡುತ್ತದೆ. ಮುಳ್ಳುಹಂದಿ ಅಗೆದರೆ ಮಣ್ಣು ಬಾಯ ಹತ್ತಿರವೇ ರಾಶಿಯಾಗಿರುತ್ತದೆ, ದಾರಿಗೆ ಬೇರೋ ಎಲುಬೋ ಸಿಕ್ಕರೆ ಅದರ ಮೇಲೆ ಉಳಿ ಇಟ್ಟಂತೆ ಎರಡು ಹಲ್ಲಿನ ಗುರುತು ಬೀಳುತ್ತದೆ. ಇಲ್ಲಿ ಬಿದ್ದ ಮಣ್ಣನ್ನು ಮನೆಯವರು ಆಗಲೇ ಕಾಲಲ್ಲಿ ತುಳಿದು ಸಮ ಮಾಡಿದ್ದರು. ಬೇರಾಗಲೀ ಎಲುಬಾಗಲೀ ಕಾಣಲಿಲ್ಲ.

ಎಲ್ಲ ತಗ್ಗುಗಳಿಗೂ ಹಸಿ ಮಣ್ಣು ತುಂಬಿ ಕರಣಿಯಿಂದ ನಯ ಮಾಡಿದೆ. ಮುಂಜಾನೆ ಯಾವುದು ತೆರೆದಿರುತ್ತದೋ ಅದರ ಅಂಚಿನಲ್ಲಿ ಉಗುರಿನ ಗುರುತು ಇರುತ್ತದೆ. ಸುಲಭದ ಉಪಾಯ.

ಮರುದಿನ ನಾನು ಬರುವಷ್ಟರಲ್ಲಿ ಅವ್ವ ದಿಬ್ಬವನ್ನೂ ಅಂಚನ್ನೂ ಸೆಗಣಿ ಹಾಕಿ ಸಾರಿಸಿ, ರಂಗೋಲಿ ಬಿಟ್ಟು, ಊದಿನಕಡ್ಡಿ ಹಚ್ಚಿಯಾಗಿತ್ತು. ತಗ್ಗು ಬಿದ್ದಿದ್ದವಂತೆ, ಅವರೇ ಮುಚ್ಚಿದರಂತೆ. ನಾನು ಬರುವವರೆಗೆ ಸಾರಿಸಬೇಡಿ ಎಂದು ಕೇಳಿಕೊಂಡೆ.

"ಯಾಕಪಾ? ನೀ ಬರೂಮಟಾ ನನ್ನ ಗಂಡ ಮಾರಿ ತೊಳಕೊಳ್ಳದ ಕುಂದರಬೇಕೇನು?"

ಹಿರಿಯರು ನಕ್ಕರು. ಆಮೇಲೆ ಅವ್ವನಿಗೆ ಗದರಿದರು. ಅವ್ವ ಒಪ್ಪಿದರು, ಒಪ್ಪುವಾಗ ನನ್ನ ಹೆಂಡತಿ ಬದುಕಿದ್ದಾಳೋ ಎಂದು ಕೇಳಿದರು. ಹೌದೆಂದೆ. "ಹಂಗಾರ ನಿನಗ ತಿಳೀದು ಬಿಡು," ಎಂದರು.

ಎರಡನೆಯ ಉಪಾಯ ಬೂದಿ. ಹತ್ತಿರದ ಬೆಲ್ಲದ ಗಾಣದ ಒಲೆಯಿಂದ ಬೂದಿ ತಂದು, ಜರಡಿ ಹಿಡಿದು, ಸಮಾಧಿಯ ಸುತ್ತ ತೆಳ್ಳಗೆ ಹರಡಿದೆ. ಸಂಜೆ ಹರಡಿದ ಬೂದಿ ಮುಂಜಾವಿನ ಇಬ್ಬನಿಗೆ ಕೊಂಚ ಬಿಗಿಯುತ್ತದೆ, ಹೆಜ್ಜೆ ಅಚ್ಚು ಹೊಡೆದಂತೆ ನಿಲ್ಲುತ್ತದೆ. ಮರುದಿನ ಹೋದರೆ ಬೂದಿಯ ಅರ್ಧ ಭಾಗವನ್ನು ಬಿಚ್ಚಿಕೊಂಡ ಕರು ತುಳಿದಿತ್ತು. ಉಳಿದರ್ಧದಲ್ಲಿ ಸ್ಪಷ್ಟವಾದ ಹೆಜ್ಜೆಗಳಿದ್ದವು, ನಾಲ್ಕು ಬೆರಳು, ನಾಲ್ಕು ಉಗುರು, ತ್ರಿಕೋನದ ಅಂಗಾಲು. ನಾಯಿಯ ಹೆಜ್ಜೆ.

ನಾನು ಬಾಯಿ ತೆಗೆಯುವ ಮೊದಲೇ ತಮ್ಮ ಕುರಿಗಾರನನ್ನು ಕರೆಸಿದ್ದ. ಕೈಯಲ್ಲಿ ಒಂದು ಕಬ್ಬಿನ ಗಳ ಇತ್ತು. "ನೋಡಲೇ. ಇದು ಯಾರ ಪಾದ? ನಿಮ್ಮ ಅವ್ವಂದೇನು?" ಎಂದು ಕೇಳಿ ಹೆಗಲಿಗೆ ಹೊಡೆದ. ಕಬ್ಬು ಮುರಿಯಿತು. ಮುರಿದ ತುಂಡನ್ನು ಕೊಟ್ಟಿಗೆಯ ಎಮ್ಮೆಗೆ ಎಸೆದ. ಕುರಿಗಾರ ಹೆಗಲು ಮುಟ್ಟಿಕೊಳ್ಳಲಿಲ್ಲ. ಅವನ ಹೆಂಡತಿ ಬೇಲಿಯ ಆಚೆ ನಿಂತು, "ಬಗಾ, ಬಗಾ, ದೇವಾ," ಎಂದು ಮರಾಠಿಯಲ್ಲಿ ದೇವರಿಗೆ ನೋಡು ನೋಡು ಎನ್ನುತ್ತಿದ್ದಳು. ಹಿರಿಯರು ಫೋನು ನೋಡುತ್ತಿದ್ದರು.

"ಹೆಜ್ಜೆ ಇದೆ. ಆದರೆ ಹೆಜ್ಜೆ ತಗ್ಗಿನ ಕಡೆ ಹೋಗಿಲ್ಲ, ಕೊಟ್ಟಿಗೆಯಿಂದ ಕಬ್ಬಿನ ಕಡೆಗೆ ದಾಟಿ ಹೋಗಿದೆ," ಎಂದೆ. ಅದು ನಿಜ. ನಾಯಿ ಹಿತ್ತಲಿಗೆ ಬರುತ್ತಿತ್ತು, ಎಮ್ಮೆಗೆ ಹಾಕಿ ಉಳಿದದ್ದನ್ನು ನೆಕ್ಕಲು ಇರಬಹುದು. ಆದರೆ ಹೊಸ ತಗ್ಗು ಬಿದ್ದದ್ದು ಕರು ತುಳಿದ ಕಡೆ. ಅಲ್ಲಿ ಯಾರ ಹೆಜ್ಜೆಯೂ ಉಳಿದಿರಲಿಲ್ಲ.

ಆ ತಗ್ಗಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತೆ. ಬಿಸಿಲು ಏರಿದಂತೆ ಅದರ ಅಂಚಿನ ಮಣ್ಣು ಒಣಗಿ ಬೆಳ್ಳಗೆ ಪುಡಿ ಬಿಡತೊಡಗಿತು. ನಮ್ಮ ಭಾಗದ ಚೌಳು ಹೊಲದಲ್ಲಿ ಇದು ಸಾಮಾನ್ಯ, ಆದರೆ ಈ ಹಿತ್ತಲು ಚೌಳಲ್ಲ. ಒಂದು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಬರೀ ಉಪ್ಪು.

"ಅಯ್ಯ ಶಿವನ," ಎಂದರು ಅವ್ವ ನನ್ನ ಬೆನ್ನ ಹಿಂದೆ. "ನನ್ನ ಗಂಡನ್ನ ತಿಂದಿಯಲ್ಲೋ."

ಉಗಿಯಬೇಕೋ ನುಂಗಬೇಕೋ ತಿಳಿಯದೆ ಕೂತಿದ್ದೆ. ನುಂಗಿದೆ. ಆಗ ಹೊಳೆಯಿತು. ಮುಳ್ಳುಹಂದಿಗೆ ಉಪ್ಪೆಂದರೆ ಬಹಳ ಆಸೆ. ಸೊಪ್ಪು ಬೇರು ತಿನ್ನುವ ಪ್ರಾಣಿ, ಉಪ್ಪು ಸಿಗುವ ಕಡೆ ಮತ್ತೆ ಮತ್ತೆ ಬರುತ್ತದೆ. ಆದರೆ ಉಪ್ಪು ಹೆಣದ ಸುತ್ತ, ಆಳದಲ್ಲಿ ಇರಬೇಕು. ಮೇಲಿನ ಮಣ್ಣಲ್ಲಿ ಯಾಕೆ?

ಕೇಳಿದೆ. ಉತ್ತರ ಅವ್ವನೇ ಕೊಟ್ಟರು, ಕಿರಿಯ ಮಗನ ಕಡೆ ಬೆರಳು ಮಾಡಿ. "ಇವನ್ನ ಕೇಳ್ರಿ. ಕುಣಿ ತಗಸೂ ಕೆಲಸ ಇವಂದು. ಆಳ ತಗಸಲೇ ಅಂದ್ನಿ. ಕೆಳಗ ಗರಸಗಲ್ಲ ಹತ್ತೇತಿ, ಜೆಸಿಬಿದಾಂವ ಒಲ್ಲೆ ಅಂತಾನ ಅಂದ. ಮೊಣಕಾಲಮಟ ತಗದು ಅಪ್ಪನ್ನ ಕುಂದರ್ಸಿದ, ಉಳದ ಉಪ್ಪಿನ ಚೀಲ ಎಲ್ಲಾ ಮ್ಯಾಲ ಸುರುವಿದ."

"ಎದಿಮಟ ಇತ್ತಬೇ," ಎಂದ ತಮ್ಮ.

"ಯಾರ ಎದಿ? ಕೋಳೀದೇನು?"

ತಮ್ಮನ ಮುಖ ನೋಡಿದ್ದು ನೆನಪಿದೆ. ಇದು ಕಂಡದ್ದು, ಕೂಡಿಸಿದ್ದಲ್ಲ. ಅವನು ಅವ್ವನನ್ನು ನೋಡಲಿಲ್ಲ, ಅಣ್ಣನನ್ನು ನೋಡಲಿಲ್ಲ, ಬಿಸಿಲಲ್ಲಿ ನಿಂತ ಕುರಿಗಾರನನ್ನು ನೋಡಿದ. ಹಿರಿಯರು ಮೊದಲ ಸಲ ಫೋನು ಜೇಬಿಗೆ ಹಾಕಿ, "ಅಪ್ಪನ್ನ ಮುಚ್ಚಾಕ ನಿನ್ನ ಕೈಲೆ ಆಗಲಿಲ್ಲೇನೋ?" ಎಂದರು, ಆಳುಗಳ ಮುಂದೆ, ನನ್ನ ಮುಂದೆ.

ಕಬ್ಬಿನ ಸಾಲಿನಲ್ಲಿ ಹುಡುಕಿದೆ. ಹಿಕ್ಕೆ ಸಿಕ್ಕಿತು, ಖರ್ಜೂರದ ಬೀಜದ ಆಕಾರ, ಒಂದಕ್ಕೊಂದು ನಾರಿನಿಂದ ಪೋಣಿಸಿದಂತೆ. ಮುಳ್ಳು ಸಿಗಲಿಲ್ಲ, ಹೆಜ್ಜೆ ಸಿಗಲಿಲ್ಲ. ಹಿಕ್ಕೆ ಹಳೆಯದು. ಮುಳ್ಳುಹಂದಿ ಈ ಕಬ್ಬಿನಲ್ಲಿ ಓಡಾಡಿದೆ ಎಂದಷ್ಟೇ ಅದು ಹೇಳುತ್ತದೆ, ಸಮಾಧಿ ಅಗೆದಿದೆ ಎಂದಲ್ಲ.

"ಬಹುತೇಕ ಮುಳ್ಳುಹಂದಿ," ಎಂದೆ.

"ಬಹುತೇಕ ಅಂದ್ರ?" ಹಿರಿಯರು ಕೇಳಿದರು. "ಹೌದೋ ಅಲ್ಲೋ ಹೇಳ್ರಿ. ದ್ರಾಕ್ಷಿಗೆ ರೋಗ ಬಂದ್ರ ಡಾಕ್ಟರು ಬಹುತೇಕ ಅನ್ನೂದಿಲ್ಲ, ಇದನ್ನ ಹೊಡೀರಿ ಅಂತಾರ."

ಅಲ್ಲಿ ಒಂದು ಶಬ್ದ ಬಿಟ್ಟು ಮಾತಾಡಬಹುದಿತ್ತು. ಆದರೆ ತಿಳಿಯದ್ದನ್ನು ತಿಳಿದಂತೆ ಹೇಳುವವರನ್ನು ನೋಡಿ ನೋಡಿ ಬೇಸತ್ತವನು ನಾನು. ಇನ್ನೂ ಕೆಲವು ದಿನ ನೋಡಬೇಕು ಎಂದೆ. ಆಗ ಕುರಿಗಾರ ಮುಂದೆ ಬಂದ. ಈ ಭಾಗ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅವನ ಮುಖದಲ್ಲಿ ಆ ದಿನಗಳಲ್ಲಿ ಮೊದಲ ಸಲ ಗೆಲುವು ಕಂಡಿತ್ತು.

"ಧಣ್ಯಾರ, ನಮ್ಮ ಚಂಪಿನ್ನ ನಿಮ್ಮ ಹಿತ್ತಲದಾಗ ಕಟ್ಟತೀನ್ರಿ. ನಿಮ್ಮ ಕಣ್ಣ ಮುಂದ ಇರಲಿ. ಕಟ್ಟಿದ ಮ್ಯಾಲೂ ತಗ್ಗ ಬಿದ್ರ, ನಮ್ಮ ನಾಯಿ ಅಲ್ಲ ಅಂತ ಆತಲ್ಲರಿ?"

"ಬೀಳಲಿಲ್ಲಂದ್ರ ನಿಮ್ಮ ನಾಯಿನ ಅಂತ ಆತು," ಎಂದ ತಮ್ಮ.

ಎರಡನೆಯದು ತಪ್ಪು ಲೆಕ್ಕ ಎಂದು ನಾನು ವಿವರಿಸಿದೆ. ಒಂದೆರಡು ದಿನ ಪ್ರಾಣಿ ಬರದೇ ಇದ್ದರೆ ಏನೂ ಸಿದ್ಧವಾಗುವುದಿಲ್ಲ, ಹಲವು ದಿನ ಕಟ್ಟಿ ನೋಡಬೇಕು. ಹಿರಿಯರಿಗೆ ಅರ್ಥವಾಯಿತು, ಒಪ್ಪಿದರು. ಕುರಿಗಾರನ ಹೆಂಡತಿ ಒಪ್ಪಲಿಲ್ಲ. "ತ್ವಾಳ ಬಂದ್ರ ಈ ಸರಂದು ಬೂದಿ ಹಾಕಿ ಕುರಿ ಕಾಯ್ಲೇನು?" ಎಂದು ಗಂಡನನ್ನು ಕೇಳಿದಳು. "ಸುಮ್ನಿರ. ಖರೇ ಇದ್ದಾರಿಗೆ ಏನ ಹೆದರಿಕಿ?" ಎಂದ ಅವನು. ಪರೀಕ್ಷೆ ಎಂದರೆ ಪರೀಕ್ಷೆ ಎಂದು ನಂಬಿದವರು ಆ ಹಿತ್ತಲಲ್ಲಿ ಇಬ್ಬರೇ, ಅವನು ಮತ್ತು ನಾನು.

ಸಂಜೆ ನಾಯಿ ತಂದ. ಬೂದು ಬಣ್ಣದ ಹೆಣ್ಣುನಾಯಿ, ಒಂದು ಕಿವಿ ತೋಳ ಹರಿದದ್ದು. ಆಡಿನ ಕೂದಲಿಗೆ ಹಳೆಯ ಕೆಂಪು ಸೀರೆಯ ಅಂಚು ಸೇರಿಸಿ ಅವನೇ ಹೊಸೆದ ಹಗ್ಗ. ನಾನು ಬೂದಿ ಜರಡಿ ಹಿಡಿಯುತ್ತ ಕೂತಿದ್ದೆ. ನಾಯಿ ಟ್ರೇಲರಿನ ಅಡಿ ಕೂತದ್ದು ಕಂಡೆ. ಬೇವಿನ ಬುಡದಲ್ಲಿ ಮಲಗಿದ್ದೂ ಕಂಡೆ. ಮೊದಲು ಯಾವುದು, ಕೊನೆಗೆ ಯಾವುದು, ಗಂಟು ಹಾಕಿದ್ದು ಯಾವುದಕ್ಕೆ, ಇದನ್ನು ನಾನು ನೋಡಿರಲೇಬೇಕು. ಆದರೆ ಬೂದಿಯ ಪದರ ಎಲ್ಲ ಕಡೆ ಒಂದೇ ದಪ್ಪ ಇದೆಯೋ ಇಲ್ಲವೋ ಎಂಬ ಚಿಂತೆ ನನಗೆ. ಕರು ಬಿಚ್ಚಿಕೊಳ್ಳದಂತೆ ಗೂಟ ನೋಡಿ, ಬೈಕು ಹತ್ತಿದೆ.

ಮರುದಿನ ಬಂದಾಗ ಹಿತ್ತಲಲ್ಲಿ ಎಲ್ಲರೂ ನಿಂತಿದ್ದರು. ಸಮಾಧಿಯ ಪಕ್ಕ ನಾಯಿ ಸತ್ತು ಬಿದ್ದಿತ್ತು. ತಲೆ ಒಡೆದಿತ್ತು. ಪಕ್ಕದಲ್ಲಿ ಸಲಿಕೆ. ಕುರಿಗಾರ ನಾಯಿಯ ಕುತ್ತಿಗೆಯಿಂದ ಹಗ್ಗ ಬಿಚ್ಚಿ, ಮೊಣಕೈಗೂ ಅಂಗೈಗೂ ಸುತ್ತಿ ಸಿಂಬಿ ಮಾಡುತ್ತಿದ್ದ, ಕೆಲಸ ಮುಗಿಸಿ ಮನೆಗೆ ಹೊರಟವನ ಹಾಗೆ.

"ಬರ್ರಿ ಸರ. ನಿಮ್ಮ ಪರೀಕ್ಷೆ ಮುಗೀತು," ಎಂದ ತಮ್ಮ. "ನಾ ಮುಂಜಾನೆದ್ದು ಬಂದು ನೋಡಿದ್ರ ಅಗ್ಯಾಕತ್ತಿತ್ತು. ಕಣ್ಣಾರೆ ನೋಡೀನಿ. ಸಿಟ್ಟ ಬಂತು, ಹಾಕಿದ್ನಿ ಒಂದು."

ಒಂದಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ಅವ್ವ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ಸಮಾಧಿಯ ಕಾಲುದೆಸೆಯಲ್ಲಿ ಹೊಸ ತಗ್ಗು. ಸುತ್ತಲಿನ ಬೂದಿ ಜನ ಓಡಾಡಿ ಕಲಸಿ ಹೋಗಿತ್ತು.

ತಗ್ಗಿನೊಳಗೆ ಮುಖ ಇಟ್ಟು ನೋಡಿದೆ. ಕಂಡದ್ದು ಇಷ್ಟು. ಒಂದು ಬದಿಯ ಗೋಡೆ ನುಣ್ಣಗೆ, ನೇರ, ಸಲಿಕೆಯಿಂದ ಸವರಿದ್ದು. ಇನ್ನೊಂದು ಬದಿ ಒರಟು. ಆ ಒರಟು ಬದಿಯಲ್ಲಿ ಬೇವಿನ ಒಂದು ಬೇರು ಅಡ್ಡ ಬಂದಿತ್ತು, ಅದರ ಮೇಲೆ ಜೋಡಿ ಹಲ್ಲಿನ ಅಗಲವಾದ ಗುರುತು, ಹಸಿಯಾಗಿ, ಬಿಳಿಯಾಗಿ. ತಳದ ಸಡಿಲ ಮಣ್ಣಿನಲ್ಲಿ ಮುರಿದ ಮುಳ್ಳಿನ ತುದಿ, ಕಪ್ಪು ಬಿಳಿ ಪಟ್ಟೆಯದು. ನಾಯಿಯ ಉಗುರಿನ ಒಂದು ಗೆರೆಯೂ ಇರಲಿಲ್ಲ. ಬೂದಿ, ಹಸಿ ಮಣ್ಣು ಎಲ್ಲ ಹಾಕಿ ಹುಡುಕಿದ ಉತ್ತರ ಆ ತಗ್ಗಿನಲ್ಲಿತ್ತು. ಅದು ಸಿಕ್ಕಿದ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ.

ಮುಳ್ಳನ್ನು ಹಿರಿಯರ ಅಂಗೈಗೆ ಇಟ್ಟೆ. "ಇದು ಮುಳ್ಳುಹಂದಿ. ಈಗ ಬಹುತೇಕ ಅಲ್ಲ."

ಅವರು ಅದನ್ನು ತಿರುಗಿಸಿ ನೋಡಿದರು. "ಆಗಲಿ. ಮುಳ್ಳಹಂದಿನೂ ಬಂದಿರಬೇಕು. ನಾಯಿನೂ ಅಗ್ದಿರಬೇಕು."

"ನಾಯಿ ಕಟ್ಟಿತ್ತಲ್ಲ?"

"ಟ್ರೇಲರಿಗೆ ಕಟ್ಟಿದ್ದ ಮಗಾ," ಎಂದ ತಮ್ಮ. "ಅಲ್ಲಿಂದ ಆರಾಮ ಮುಟ್ಟತೈತಿ."

"ಬೇವಿನ ಗಿಡಕ್ಕ ಕಟ್ಟೀನ್ರಿ," ಎಂದ ಕುರಿಗಾರ. ಆ ಮುಂಜಾನೆ ಅವನ ಬಾಯಿಂದ ಬಂದ ಮೊದಲ ಮಾತು. ಆಮೇಲೆ ನನ್ನ ಕಡೆ ತಿರುಗಿದ. "ಸರ ಇದ್ರಲ್ಲರಿ. ಸರ ನೋಡ್ಯಾರ. ಹೇಳ್ರಿ ಸರ."

ಹಿರಿಯರೂ ನನ್ನನ್ನು ನೋಡಿದರು. "ಹೌದು, ನೀವ ಇದ್ರಿ. ಎಲ್ಲಿ ಕಟ್ಟಿದ್ದ?"

"ಬೇವಿನ ಮರಕ್ಕೆ ಅಂತ ನೆನಪು."

"ನೆನಪೋ? ನೋಡಿದ್ದೋ?"

ಆ ಕ್ಷಣ ಟ್ರೇಲರಿನ ಗಾಲಿಗೆ ಆನಿಕೊಂಡ ನಾಯಿ ಕಣ್ಣ ಮುಂದೆ ಬಂತು. ನಾನು ಸುಮ್ಮನಾದೆ. ಎಷ್ಟು ಹೊತ್ತು ಸುಮ್ಮನಿದ್ದೆನೋ, ಅಷ್ಟು ಸಾಕಾಯಿತು. ಮರದ ಬುಡಕ್ಕೆ ಹೋಗಿ ನೋಡಿದ್ದರೆ ಮುಗಿಯುತ್ತಿತ್ತು ಎಂಬುದು ಆಗ ತೋಚಲಿಲ್ಲ. ಮಣ್ಣನ್ನು ನಂಬುವವನು ನಾನು, ಅವತ್ತು ನನ್ನ ತಲೆಯೊಳಗೆ ಹುಡುಕುತ್ತಾ ನಿಂತಿದ್ದೆ.

"ಸಾಕ ಬಿಡ್ರಿ," ಎಂದರು ಹಿರಿಯರು. ಕುರಿಗಾರನಿಗೆ ಹೇಳಿದರು, "ಮಧ್ಯಾಹ್ನದೊಳಗ ಕುರಿ ಎಬ್ಬಸ."

ಕುರಿಗಾರನ ಹೆಂಡತಿ ನಾಯಿಯನ್ನು ಎತ್ತಿಕೊಳ್ಳಲು ಬಂದಳು. ಅವ್ವ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದರು: "ಆಳ ಕುಣಿ ತಗದು ಹೂಳ ಮಗಳ. ನಮ್ಮಾಂವ ಮಾಡಿದಂಗ ಮಾಡಬ್ಯಾಡ." ಮಗನಿಗೆ ಚುಚ್ಚಲು ಅಂದದ್ದೋ, ಅವಳಿಗೆ ಅಂದದ್ದೋ, ಎರಡಕ್ಕೂ ಒಂದೇ ಮಾತು ಸಾಕಾಗಿತ್ತು. ತಮ್ಮ ಸಲಿಕೆ ಎತ್ತಿಕೊಂಡು ಆ ಕಾಲುದೆಸೆಯ ತಗ್ಗು ಮುಚ್ಚಿದ, ಚೆನ್ನಾಗಿ ತುಳಿದು, ಬೇರಿನ ಸಮೇತ.

ಇನ್ನು ನಾನು ಕೂಡಿಸಿದ್ದು. ತಮ್ಮ ಮುಂಜಾನೆ ಎದ್ದು ಬಂದಾಗ ನಾಯಿ ಕಟ್ಟಿದಲ್ಲೇ ಇತ್ತು, ತಗ್ಗು ಆಗಲೇ ಬಿದ್ದಿತ್ತು. ಅಂದರೆ ನಾಯಿ ಅಲ್ಲ ಎಂದು ಸಿದ್ಧವಾಗಿತ್ತು. ನಾಯಿ ಅಲ್ಲವಾದರೆ ಮುಳ್ಳುಹಂದಿ, ಮುಳ್ಳುಹಂದಿ ಎಂದರೆ ಉಪ್ಪು, ಉಪ್ಪು ಎಂದರೆ ಮೇಲುಮೇಲೆ ತೆಗೆದ ಕುಣಿ, ಕುಣಿ ಎಂದರೆ ಅವನು. ಅಣ್ಣ ಏಳುವ ಮೊದಲು ಸಲಿಕೆಗೆ ಎರಡು ಕೆಲಸ ಕೊಟ್ಟ, ನಾಯಿಯ ತಲೆ ಒಡೆಯುವುದು, ತಗ್ಗಿನ ಗುರುತು ಸವರುವುದು. ಇದಕ್ಕೆ ನನ್ನ ಹತ್ತಿರ ಪುರಾವೆ ಇರಲಿಲ್ಲ. ಮುಳ್ಳಿನ ತುದಿ ಹಿರಿಯರ ಕೈಯಲ್ಲೇ ಉಳಿಯಿತು. ಕುರಿಗಾರನ ಮೇಲೆ ಹೆಸರು ಬಿತ್ತು. ಕೊಗನೊಳ್ಳಿಯ ಚಹಾದಂಗಡಿಯಲ್ಲಿ ಅಪರಿಚಿತನೊಬ್ಬ ನನಗೇ ಆ ಕಥೆ ಹೇಳಿದ, ಅದರಲ್ಲಿ ನಾಯಿ ಹೆಣದ ಕೈ ಕಚ್ಚಿಕೊಂಡು ಓಡಿತ್ತು. ಅಲ್ಲಿ ಒಬ್ಬ ಓದಿದವನೂ ಇದ್ದನಂತೆ, ಅವನೂ ನಾಯಿನ ಅಂದನಂತೆ.

ಮುಂದಿನ ವರ್ಷ ಹಿರಿಯರೇ ಮತ್ತೆ ಕರೆದರು, ದ್ರಾಕ್ಷಿಗೆ ಬಾವಲಿ. ಕೆಲಸ ಮುಗಿಸಿ ಹಿತ್ತಲಿಗೆ ಹೋದೆ. ಸಮಾಧಿಗೆ ಕಲ್ಲಿನ ಕಟ್ಟೆ ಆಗಿತ್ತು, ಅದೇ ಅಳತೆಗೆ, ಅದೇ ಜಾಗದಲ್ಲಿ. ಟ್ರೇಲರು ಇರಲಿಲ್ಲ. ಬೇವಿನ ಬುಡದಲ್ಲಿ ಕೂತು ನೋಡಿದೆ. ತೊಗಟೆ ಉಬ್ಬಿ ಅರ್ಧ ನುಂಗಿದ ಒಂದು ಹಗ್ಗದ ಕುಣಿಕೆ ಕಾಂಡವನ್ನು ಬಿಗಿದಿತ್ತು. ಕಪ್ಪು ಕೂದಲು, ನಡುವೆ ಕೆಂಪು ಅಂಚು. ಗಂಟು ಹಾಗೇ ಇತ್ತು. ಗಂಟಿನ ಪಕ್ಕದಲ್ಲೇ ಕುಡುಗೋಲಿನಿಂದ ಕತ್ತರಿಸಿದ ತುದಿ. ತಾನೇ ಹೊಸೆದ ಹಗ್ಗವನ್ನು ಕುರಿಗಾರ ಕತ್ತರಿಸುವವನಲ್ಲ, ನಾಯಿಯನ್ನು ಇಲ್ಲಿಂದ ಸಮಾಧಿಯ ಕಡೆ ಎಳೆದವನು ಬೇರೆ. ಟೇಪು ತೆಗೆದು ಆ ಗಂಟಿನಿಂದ ಕಟ್ಟೆಯ ಕಾಲುದೆಸೆಗೆ ಅಳೆದೆ.

ಕುರಿಗಾರನನ್ನು ಹುಡುಕಲು ಸಮಯ ಹಿಡಿಯಿತು. ಕಬ್ಬೂರ ಬಿಟ್ಟು, ಯಾರೂ ಕರೆಯದ ಕಡೆ, ಕಲ್ಲುಗುಡ್ಡದ ಕೆಳಗೆ ಕುರಿ ಕೂಡುವ ಬಲೆ ಕಟ್ಟಿದ್ದ. ಕುರಿಗಳು ಕಡಿಮೆಯಾಗಿದ್ದವು. ತೋಳ ಒಯ್ದದ್ದೆಷ್ಟು, ಮಾರಿದ್ದೆಷ್ಟು ಎಂದು ಕೇಳಲಿಲ್ಲ. ಒಂದು ಎಳೆಯ ನಾಯಿ ನನ್ನನ್ನು ನೋಡಿ ಬೊಗಳಿ, ತಾನೇ ಹೆದರಿ ಹಿಂದೆ ಹೋಯಿತು. ಆ ಹಗ್ಗ ಎಲ್ಲಿ ಎಂದು ಕೇಳಿದೆ. ಒಂದು ಟಗರಿನ ಕೊರಳಲ್ಲಿತ್ತು.

"ಬಿಚ್ಚಿ ಕೊಡ್ತೀಯಾ? ಒಂದು ಸಲ ಅಳೀಬೇಕು."

ಅವನು ಟಗರಿನ ಕೊರಳ ಹಗ್ಗ ಹಿಡಿದು ನಿಂತ. "ಈಗ ಅಳತಿ ಮಾಡಿ ಏನ ಮಾಡ್ತೀರಿ ಸರ? ಅವತ್ತ ಬಾಯಾಗ ಉಪ್ಪ ಹಾಕ್ಕೊಂಡಿದ್ರಿ. ಮಾತ ಬರಲಿಲ್ಲ."

"ಚಾ ಕುಡದು ಹೋಗಲಿ ಬಿಡು," ಎಂದಳು ಹೆಂಡತಿ, ನನಗಲ್ಲ, ಅವನಿಗೆ.

ಟಗರನ್ನು ಕಾಲ ನಡುವೆ ಹಿಡಿದು ಅವನು ಹಗ್ಗ ಬಿಚ್ಚಿದ, ನನ್ನ ಮುಂದೆ ಎಸೆದ. ಒಂದು ತುದಿ ಕುಡುಗೋಲಿನಿಂದ ಕತ್ತರಿಸಿದ್ದು, ಕೆಂಪು ಅಂಚು ಅಲ್ಲಿ ಹೊರಗೆ ಬಂದಿತ್ತು. ಅಂದಿನಿಂದ ಹಗ್ಗಕ್ಕೆ ಏನಾದರೂ ಸೇರಿಸಿದ್ದೀಯಾ, ತೆಗೆದಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದ. ನೆಲದ ಮೇಲೆ ಎಳೆದು, ಎರಡು ಸಲ ಅಳೆದೆ. ಅದಕ್ಕೆ ಒಂದು ನಾಯಿಯ ಮೈಯುದ್ದ ಸೇರಿಸಿದೆ, ಪೂರ್ತಿ ಚಾಚಿದ ಮುಂಗಾಲು ಸೇರಿಸಿದೆ.

ಹಗ್ಗ ತಗ್ಗಿನ ತನಕ ಮುಟ್ಟುವುದಿಲ್ಲ. ಒಂದು ಮಾರು ಕಡಿಮೆ ಬೀಳುತ್ತದೆ.